ಶಿಶುವಿನ ಅಂಗಿಯೂ ಕತ್ತರಿಯ ವಿದ್ಯೆಯೂ

ಅರಸರ ವಂಶಾವಳಿ, ಯುದ್ಧಗಳು, ಸಂಧಿವಿಗ್ರಹಗಳು, ದಾನಶಾಸನಗಳು, ಇವನ್ನು ಕ್ರಮವಾಗಿ ಬರೆದಿಡುವುದೇ ಚರಿತ್ರೆಯೆಂದು ಬಹುಕಾಲ ಭಾವಿಸಲ್ಪಟ್ಟಿತ್ತು. ಮನೆಯ ಒಳಗೆ ನಡೆಯುವ ಕೆಲಸಗಳಿಗೆ ಚರಿತ್ರೆಯೆಂಬುದಿಲ್ಲ, ಅವು ಅನಾದಿಯಿಂದ ಒಂದೇ ರೀತಿಯಾಗಿ ನಡೆದುಬಂದಿರುವುವು ಎಂಬುದು ಸಾಮಾನ್ಯರ ತಿಳಿವಳಿಕೆ. ಈ ತಿಳಿವಳಿಕೆಯು ವಿಚಾರಕ್ಕೆ ನಿಲ್ಲತಕ್ಕುದಲ್ಲ. ಹೊಲಿಗೆಯನ್ನು ಆಗತಾನೆ ಕಲಿಯುತ್ತಿರುವ ತಾಯಿಯೊಬ್ಬಳು ತನ್ನ ಎರಡು ವರ್ಷದ ಮಗುವಿಗೆ ಒಂದು ಅಂಗಿಯನ್ನು ತಾನೇ ಕತ್ತರಿಸಿ ಹೊಲಿಯುವುದು ಅತ್ಯಲ್ಪವಾದ ಕಾರ್ಯವೆಂದು ತೋರಬಹುದು. ಆದರೆ ಆ ಕಾರ್ಯವು ಅವಳಿಗೆ ಸಾಧ್ಯವಾಗುವುದಕ್ಕೆ ಮುಂಚೆ ಹಲವು ಶತಮಾನಗಳ ವ್ಯಾಜ್ಯಗಳೂ, ಒಂದು ರಾಜಶಾಸನವೂ, ಯಂತ್ರಗಳ ಕಲ್ಪನೆಯೂ, ಒಂದು ಸಣ್ಣ ಊರಿನ ದರ್ಜಿಯು ಕತ್ತರಿಸಿಟ್ಟ ಕಾಗದದ ತುಂಡುಗಳೂ ಆಗಿಹೋಗಬೇಕಾಯಿತು.

ಈ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಒಂದು ಭೇದವನ್ನು ಗಮನಿಸಬೇಕು. ಅಂಗಿಯನ್ನು ಮಾಡುವುದರಲ್ಲಿ ಎರಡು ವಿದ್ಯೆಗಳು ಸೇರಿರುವುವು. ಬಟ್ಟೆಯನ್ನು ದೇಹದ ಆಕಾರಕ್ಕೆ ತಕ್ಕಂತೆ ಕತ್ತರಿಸುವುದು ಒಂದು. ಕತ್ತರಿಸಿದ ತುಂಡುಗಳನ್ನು ಕೂಡಿಸಿ ಹೊಲಿಯುವುದು ಇನ್ನೊಂದು. ಸೂಜಿಯ ತಪ್ಪನ್ನು ತಿದ್ದಬಹುದು. ಹೊಲಿಗೆಯನ್ನು ಬಿಚ್ಚಿ ಮತ್ತೊಮ್ಮೆ ಹಾಕಬಹುದು. ಕತ್ತರಿಯ ತಪ್ಪಿಗೆ ಪರಿಹಾರವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ನೇಕಾರನ ಶ್ರಮಕ್ಕೂ ಅಂಜದೆ ಆಡಿಸಿದ ಕತ್ತರಿಗೂ ಸಮನಾಗಿ ಸಲ್ಲುತ್ತದೆ. ಆದಕಾರಣವೇ ಸೂಜಿಯು ಬಹು ಹಿಂದೆಯೇ ಮನೆಯ ಸ್ತ್ರೀಯರ ಕೈಗೆ ಬಂದಿದ್ದರೂ ಕತ್ತರಿಯು ಬಹುಕಾಲ ಅಂಗಡಿಯಲ್ಲಿಯೇ ಉಳಿಯಿತು. ಅದು ಅಂಗಡಿಯಿಂದ ಮನೆಗೆ ಬಂದುದು ಶಿಶುವಿನ ಅಂಗಿಯ ನೆಪದಿಂದ. ಆ ಬಗೆಯನ್ನು ಇಲ್ಲಿ ವಿವರಿಸಲಾಗುವುದು.

ಸೂಜಿಯ ಪ್ರಾಚೀನತೆಯು ಆಶ್ಚರ್ಯಕರವಾದುದು. ಸೈಬೀರಿಯದಲ್ಲಿ ದೊರೆತಿರುವ ಕಣ್ಣುಳ್ಳ ಎಲುಬಿನ ಸೂಜಿಗಳು ಸುಮಾರು ೪೦,೦೦೦ ವರ್ಷಗಳಷ್ಟು ಹಳೆಯವು. ಕಾಶ್ಮೀರದ ಬುರ್ಜಹೋಮ್ ಎಂಬಲ್ಲಿನ ನವಶಿಲಾಯುಗದ ನೆಲೆಯಲ್ಲಿಯೂ ಎಲುಬಿನ ಸೂಜಿಗಳು ಸಿಕ್ಕಿರುವುವು. ಋಗ್ವೇದದ ಎರಡನೆಯ ಮಂಡಲದ ಒಂದು ಸೂಕ್ತದಲ್ಲಿ ರಾಕಾ ಎಂಬ ದೇವಿಯನ್ನು ಸ್ತುತಿಸುವಾಗ, ಅವಳು ಮುರಿಯದ ಸೂಜಿಯಿಂದ ತನ್ನ ಕೆಲಸವನ್ನು ಹೊಲಿಯಲಿ, ವೀರನಾದ ಪುತ್ರನನ್ನು ಅನುಗ್ರಹಿಸಲಿ ಎಂಬ ಪ್ರಾರ್ಥನೆಯುಂಟು. ಸೂಜಿಯೂ ಸಂತಾನವೂ ಒಂದೇ ಮಂತ್ರದಲ್ಲಿ ಕೂಡಿಬಂದಿರುವುದನ್ನು ವಾಚಕರು ಗಮನಿಸಬೇಕು. ವಾತ್ಸ್ಯಾಯನನು ಎಣಿಸುವ ಅರವತ್ತನಾಲ್ಕು ಕಲೆಗಳಲ್ಲಿ ಸೂಜಿಯ ಕೆಲಸವೂ ಒಂದು. ಹೀಗಿದ್ದರೂ ಬಟ್ಟೆಯನ್ನು ಕತ್ತರಿಸಿ ಉಡುಪನ್ನು ಮಾಡುವವನು ಬೇರೆಯೇ ಒಬ್ಬ ಕುಶಲಕರ್ಮಿಯಾಗಿದ್ದನು. ಅಮರಸಿಂಹನು ಅವನಿಗೆ ತುನ್ನವಾಯ, ಸೌಚಿಕ ಎಂಬ ಎರಡು ಹೆಸರುಗಳನ್ನು ಹೇಳುತ್ತಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗಸರಿಗೆ ವಿಧಿಸಿದ ನಿಯಮಗಳೇ ತುನ್ನವಾಯರಿಗೂ ಸಲ್ಲುವುವೆಂದಿದೆ. ಇತರರ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುವ ಇಬ್ಬರನ್ನೂ ರಾಜ್ಯವು ಒಂದೇ ದೃಷ್ಟಿಯಿಂದ ನೋಡುತ್ತಿತ್ತೆಂದು ಇದರಿಂದ ಊಹಿಸಬಹುದು.

ಕತ್ತರಿಸಿ ಹೊಲಿದ ಉಡುಪುಗಳಲ್ಲಿ ಅತ್ಯಂತ ಪುರಾತನವಾದುದು ಈಜಿಪ್ಟ್ ದೇಶದ್ದು. ತಾರ್ಖಾನ್ ಎಂಬ ಸ್ಮಶಾನಭೂಮಿಯನ್ನು ೧೯೧೩ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ವಿದ್ವಾಂಸರು ಅಗೆಸಿದಾಗ ಕೊಳೆಯಾದ ನಾರುಬಟ್ಟೆಗಳ ಒಂದು ರಾಶಿಯು ದೊರೆಯಿತು. ಅದನ್ನು ಲಂಡನ್ನಿನಲ್ಲಿ ೧೯೭೭ರಲ್ಲಿ ಬಿಡಿಸಿ ನೋಡುವ ವರೆಗೆ ಅದರೊಳಗೆ ಒಂದು ಅಂಗಿಯಿರುವುದೇ ಯಾರಿಗೂ ತಿಳಿದಿರಲಿಲ್ಲ. ಇಂಗಾಲದ ಪರೀಕ್ಷೆಯ ಪ್ರಕಾರ ಅದರ ಕಾಲವು ಕ್ರಿ. ಪೂ. ೩೪೮೨ಕ್ಕೂ ೩೧೦೨ಕ್ಕೂ ನಡುವಣದು. ಕೊರಳು ಕೋನಾಕಾರವಾಗಿದೆ, ತೋಳುಗಳಲ್ಲಿಯೂ ಎದೆಯ ಭಾಗದಲ್ಲಿಯೂ ನೆರಿಗೆಗಳಿರುವುವು, ಅಳತೆಯು ಎಳೆವಯಸ್ಸಿನ ಹುಡುಗಿಗೋ ತೆಳ್ಳಗಿನ ಹೆಂಗಸಿಗೋ ಸರಿಹೋಗುವಂಥದು. ಮೊಳಕೈಯಲ್ಲಿಯೂ ಕಂಕುಳಲ್ಲಿಯೂ ಮುದುರಿದ ಗುರುತುಗಳಿರುವುದರಿಂದ ಅದು ಶವಕ್ಕಾಗಿ ಮಾಡಿದುದಲ್ಲ, ಜೀವಿಸಿದ್ದವರು ತೊಟ್ಟು ಓಡಾಡಿದುದೆಂದು ಸ್ಪಷ್ಟವಾಗುತ್ತದೆ. ಐದು ಸಾವಿರ ವರ್ಷಗಳಿಗೂ ಹಿಂದೆ ತೋಳು ಬೇರೆ, ಒಡಲು ಬೇರೆ ಎಂದು ಬಟ್ಟೆಯನ್ನು ವಿಂಗಡಿಸಬಲ್ಲ ಕೈಯೊಂದು ಇದ್ದಿತು.

ಕತ್ತರಿಸುವ ವಿದ್ಯೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು ಹೇಗೆ? ಬಾಯಿಂದ ಹೇಳಿದರೆ ತಿಳಿಯುವಂಥದಲ್ಲ. ಕಣ್ಣೆದುರಿಗೆ ಒಂದು ಮಾದರಿ ಬೇಕು. ಈ ಮಾತಿಗೆ ಬೌದ್ಧರ ವಿನಯಪಿಟಕದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಮಗಧದೇಶದಲ್ಲಿ ಸಂಚರಿಸುತ್ತಿದ್ದಾಗ ಭಗವಾನ್ ಬುದ್ಧನು ಬದುಗಳಿಂದ ಚೌಕಚೌಕವಾಗಿ ವಿಭಾಗಿಸಲ್ಪಟ್ಟ ಗದ್ದೆಗಳನ್ನು ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ಆ ರೀತಿಯಲ್ಲಿ ಮಾಡಲಾದೀತೇ ಎಂದು ಕೇಳಿದನು. ಆನಂದನು ತುಂಡುಗಳನ್ನು ಕೂಡಿಸಿ ಹಾಗೆಯೇ ಹೊಲಿದು ತಂದು ತೋರಿಸಿದಾಗ ಬುದ್ಧನು ಅವನ ಜಾಣ್ಮೆಯನ್ನು ಸಂಘದ ಮುಂದೆ ಕೊಂಡಾಡಿದನು. ಆನಂದನು ದರ್ಜಿಯಲ್ಲ, ರಾಜವಂಶದಲ್ಲಿ ಹುಟ್ಟಿದವನು. ಮಾದರಿಯೊಂದು ಕಣ್ಣಿಗೆ ಬಿದ್ದರೆ ಕಸುಬಿನವನಲ್ಲದವನೂ ಉಡುಪನ್ನು ಮಾಡಬಲ್ಲನೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವು ಬೇಕಾಗಿಲ್ಲ.

ಕನ್ನಡನಾಡಿನ ಮನೆಗಳಲ್ಲಿಯಾದರೋ ಮಗುವಿನ ಉಡುಪುಗಳು ಕತ್ತರಿಯನ್ನು ಆದಷ್ಟು ದೂರವಿಟ್ಟೇ ಸಿದ್ಧವಾಗುತ್ತಿದ್ದುವು. ಹುಟ್ಟಿದ ಮಗುವಿಗೆ ಮೊದಲು ಹಾಕುವುದು ಹಿರಿಯರು ಉಟ್ಟು ಮೆತ್ತಗಾದ ಹಳೆಯ ಬಟ್ಟೆ. ತರುವಾಯ ಕುಲಾವಿ, ಕುಂಚಿಗೆ. ಕುಂಚಿಗೆಯ ರಚನೆಯನ್ನು ನೋಡಿರಿ: ಆಯತಾಕಾರದ ಒಂದು ಬಟ್ಟೆಯನ್ನು ಮಡಿಸಿ ಒಂದು ಅಂಚನ್ನು ಕೂಡಿಸಿದರೆ ತಲೆಗೆ ಮುಸುಕಾಯಿತು, ಉಳಿದುದು ಬೆನ್ನಿನ ಮೇಲೆ ಇಳಿಬಿದ್ದಿತು. ಎಳೆಯೊಂದೂ ವ್ಯರ್ಥವಾಗಲಿಲ್ಲ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಇಂಥ ಕುಂಚಿಗೆ ಕುಲಾವಿಗಳ ಮೇಲೆ ಕಸೂತಿಯನ್ನು ಹಾಕುತ್ತಿದ್ದರು. ಗವಂತಿ, ಮುರಿಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳುಳ್ಳ ಈ ಕಲೆಯು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಮಾಡುವಂಥದು. ಹುಡುಗಿಯ ಲಂಗವೂ ಹಾಗೆಯೇ ನೇರವಾದ ಬಟ್ಟೆ. ಅದನ್ನು ನೆರಿಗೆ ಹಿಡಿದು ಪಟ್ಟಿಗೆ ಸೇರಿಸಿದರೆ ಮುಗಿಯಿತು. ಬೆಳೆಯುವ ಮಗುವಿಗೆ ಮುಂದೆ ಸಾಲದೆಂದು ಕೆಳಗೆ ಎರಡು ಮೂರು ಅಡ್ಡ ಮಡಿಕೆಗಳನ್ನು ಹಾಕಿ, ವರ್ಷಕ್ಕೊಂದನ್ನು ಬಿಚ್ಚುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಹಳೆಯ ಸೀರೆಗಳ ತುಂಡುಗಳಿಂದ ಕೌದಿಯನ್ನು ಹೊಲಿಯುವುದರಲ್ಲಿಯೂ ಕತ್ತರಿಗಿಂತ ಸೂಜಿಗೇ ಹೆಚ್ಚು ಕೆಲಸ.

ಕುಪ್ಪಸದಂತೆ ಮೈಗೆ ಒಪ್ಪುವ ಉಡುಪು ಬೇಕಾದಾಗ ಮಾತ್ರ ಗುಳೇದಗುಡ್ಡದ ಖಣವನ್ನು ಹಿಡಿದು ಸಿಂಪಿಗನ ಬಳಿಗೆ ಹೋಗಬೇಕಾಗುತ್ತಿತ್ತು. ಚಿಪ್ಪಿಗನೆಂದೂ ಸಿಂಪಿಗನೆಂದೂ ಕರೆಯಿಸಿಕೊಳ್ಳುತ್ತಿದ್ದ ಈ ಕುಶಲಕರ್ಮಿಯ ಕಾಯಕವು ಹೀನವೆಂದೆಣಿಸಲ್ಪಟ್ಟುದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯು ತನ್ನ ಕಸುಬನ್ನು ಹೆಸರಿನಲ್ಲಿಯೇ ಹೊತ್ತಿದ್ದಾನೆ. ದರ್ಜಿಯ ಬಳಿಗೆ ಹೋಗುವಾಗ ಖಣದೊಂದಿಗೆ ಮೈಗೆ ಸರಿಯಾಗಿ ಒಪ್ಪಿದ ಹಳೆಯ ಕುಪ್ಪಸವೊಂದನ್ನು ಅಳತೆಗೆಂದು ಕೊಟ್ಟುಬರುವ ವಾಡಿಕೆಯು ಇಂದಿಗೂ ಇದೆ. ಅಳತೆಯ ರವಿಕೆಯೆಂಬ ಈ ವಸ್ತುವು ಮಾದರಿಯಲ್ಲದೆ ಬೇರೇನೂ ಅಲ್ಲ. ಮಾದರಿಯನ್ನು ಮನೆಯಿಂದಲೇ ಒದಗಿಸುತ್ತಿದ್ದ ಗೃಹಿಣಿಯು ಅದನ್ನು ತಾನೇ ಬಳಸಿಕೊಳ್ಳುವ ಧೈರ್ಯವನ್ನು ಮಾತ್ರ ಮಾಡುತ್ತಿರಲಿಲ್ಲ.

ಯೂರೋಪಿನಲ್ಲಿ ಈ ಧೈರ್ಯಕ್ಕೆ ಕಾನೂನಿನ ಅಡ್ಡಿಯೇ ಇದ್ದಿತು. ಅಲ್ಲಿನ ಪಟ್ಟಣಗಳಲ್ಲಿ ಪ್ರತಿಯೊಂದು ಕಸುಬಿಗೂ ಒಂದೊಂದು ಶ್ರೇಣಿಯಿದ್ದು, ಆ ಶ್ರೇಣಿಗೆ ಸೇರದವರು ಆ ಕಸುಬನ್ನು ಮಾಡಿ ಜೀವಿಸುವಂತಿರಲಿಲ್ಲ. ದರ್ಜಿಗಳ ಶ್ರೇಣಿಯು ಗಂಡಸರದು. ಅವರ ವಿದ್ಯೆಯು ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದಿತೇ ಹೊರತು ಹೊರಗಿನವರಿಗೆ ದೊರೆಯುತ್ತಿರಲಿಲ್ಲ. ಸ್ಪೇನ್ ದೇಶದ ಹುವಾನ್ ದೆ ಅಲ್ಸೆಗಾ ಎಂಬ ದರ್ಜಿಯು ೧೫೮೦ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಯಾವ ಉಡುಪಿನ ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಹೊಂದಿಸಿಟ್ಟರೆ ಕಡಮೆ ಬಟ್ಟೆಯು ಸಾಕಾಗುವುದೆಂಬುದನ್ನು ರೇಖಾಗಣಿತದ ರೀತಿಯಲ್ಲಿ ಚಿತ್ರಿಸಿದನು. ಆದರೆ ಅದು ದರ್ಜಿಗಳಿಗಾಗಿ ದರ್ಜಿಯು ಬರೆದ ಗ್ರಂಥ, ಗೃಹಿಣಿಯನ್ನು ಉದ್ದೇಶಿಸಿದುದಲ್ಲ.

ಪ್ಯಾರಿಸ್ ನಗರದಲ್ಲಿ ಅನೇಕ ಸ್ತ್ರೀಯರು ಗುಟ್ಟಾಗಿ ಉಡುಪುಗಳನ್ನು ಮಾಡಿ ಮಾರುತ್ತಿದ್ದರು. ದರ್ಜಿಗಳ ಶ್ರೇಣಿಯವರು ಅವರ ಮನೆಗಳನ್ನು ಶೋಧಿಸಿ, ಬಟ್ಟೆಯನ್ನು ಜಪ್ತಿಮಾಡಿ, ದಂಡವನ್ನು ಹಾಕಿಸುತ್ತಿದ್ದರು. ಕಟ್ಟಕಡೆಗೆ ಹದಿನಾಲ್ಕನೆಯ ಲೂಯಿ ದೊರೆಯು ೧೬೭೫ರಲ್ಲಿ ಈ ಸ್ತ್ರೀಯರಿಗೆ ಪ್ರತ್ಯೇಕವಾದ ಒಂದು ಶ್ರೇಣಿಯನ್ನು ಅನುಗ್ರಹಿಸಿದನು. ಸ್ತ್ರೀಯರಿಗೂ, ಹೆಣ್ಣುಮಕ್ಕಳಿಗೂ, ಎಂಟು ವರ್ಷದ ವರೆಗಿನ ಗಂಡುಮಕ್ಕಳಿಗೂ ಉಡುಪುಗಳನ್ನು ಮಾಡುವ ಅಧಿಕಾರವು ಅವರಿಗೆ ದೊರೆಯಿತು. ಆಸ್ಥಾನದ ಬಿಗಿಯಾದ ಎದೆಗವಚಗಳನ್ನೂ ನೆಲದ ಮೇಲೆ ಎಳೆಯುವ ಸೆರಗುಗಳನ್ನೂ ಮಾಡುವ ಹಕ್ಕನ್ನು ಮಾತ್ರ ದರ್ಜಿಗಳು ಬಿಟ್ಟುಕೊಡಲಿಲ್ಲ. ಬೆಳೆದ ಗಂಡಸಿನ ಅಂಗಿಗೆ ಕೈಹಾಕಲಾಗದ ಸ್ತ್ರೀಯು ಏಳು ವರ್ಷದ ಹುಡುಗನ ಅಂಗಿಯನ್ನು ಕತ್ತರಿಸಬಹುದೆಂದು ರಾಜಮುದ್ರೆಯೊಡನೆ ನಿರ್ಣಯವಾದುದು ಹೀಗೆ. ಆ ದೇಶಗಳಲ್ಲಿ ಸಣ್ಣ ಗಂಡುಮಕ್ಕಳಿಗೂ ನಿಲುವಂಗಿಯನ್ನೇ ತೊಡಿಸುತ್ತಿದ್ದುದು ಇದಕ್ಕೆ ಅನುಕೂಲವಾಗಿದ್ದಿತು. ಈ ಪದ್ಧತಿಯು ಬಹುಕಾಲ ಉಳಿಯಿತು. ೧೮೮೨ರಲ್ಲಿ ಹುಟ್ಟಿ ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು ಎರಡು ವರ್ಷ ದಾಟಿದಾಗ ಬಿಳಿಯ ನಿಲುವಂಗಿಯನ್ನು ತೊಟ್ಟು ಕುಳಿತಿರುವ ಛಾಯಾಚಿತ್ರವು ಪ್ರಸಿದ್ಧವಾಗಿದೆ.

ಮುಂದಿನ ಶತಮಾನದಲ್ಲಿ ಪುಸ್ತಕಗಳು ಗೃಹಿಣಿಯರನ್ನು ಹುಡುಕಿಕೊಂಡು ಬಂದುವು. ಬಡವರಿಗೆ ಬಟ್ಟೆಗಳನ್ನು ಕತ್ತರಿಸುವ ಕ್ರಮವನ್ನು ನಕ್ಷೆಗಳಿಂದಲೂ ಲೆಕ್ಕಗಳಿಂದಲೂ ತಿಳಿಸುವ ಒಂದು ಪುಸ್ತಕವು ೧೭೮೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ೧೮೩೮ರಲ್ಲಿ ಅದೇ ನಗರದಲ್ಲಿ ಹೆಸರನ್ನು ತಿಳಿಸದ ಮಹಿಳೆಯೊಬ್ಬರು ಬರೆದ ಇನ್ನೊಂದು ಪುಸ್ತಕವು ಹೊರಬಂದಿತು. ಅನುಭವವಿಲ್ಲದವರಿಗೆ ಕತ್ತರಿಸುವುದನ್ನು ಕಲಿಸುವುದೇ ತನ್ನ ಉದ್ದೇಶವೆಂದು ಅದು ಮುಖಪುಟದಲ್ಲಿಯೇ ಹೇಳಿಕೊಂಡಿತು. ಕೂಸುಗಳ ಬಟ್ಟೆಗಳಿಗೆ ಅದರಲ್ಲಿ ವಿಸ್ತಾರವಾದ ಸ್ಥಾನವಿದೆ. ಇವೆಲ್ಲವೂ ಶ್ಲಾಘ್ಯವೇ ಆದರೂ ಒಂದು ಕಷ್ಟವು ಉಳಿದೇ ಇದ್ದಿತು. ಪುಸ್ತಕದ ಪುಟದಲ್ಲಿ ಅಂಗೈಯಗಲಕ್ಕಿರುವ ಚಿತ್ರವನ್ನು ಮಗುವಿನ ಅಳತೆಗೆ ಹಿಗ್ಗಿಸಿಕೊಳ್ಳುವುದು ಓದುವವಳ ಹೊಣೆ. ಹೊಸಬಳಿಗೆ ಬಾರದೆ ಇರುವುದೇ ಆ ವಿದ್ಯೆ.

ಇಷ್ಟರಲ್ಲಿ ಯಂತ್ರವು ಬಂದಿತು. ಫ್ರಾನ್ಸ್ ದೇಶದ ತಿಮೊನಿಯೇ ಎಂಬ ದರ್ಜಿಯು ೧೮೩೦ರಲ್ಲಿ ಒಂದು ಹೊಲಿಗೆಯ ಯಂತ್ರಕ್ಕೆ ಸನದನ್ನು ಪಡೆದು ಸೈನಿಕರ ಉಡುಪುಗಳನ್ನು ಹೊಲಿಸತೊಡಗಿದನು. ತಮ್ಮ ಅನ್ನವು ಹೋಗುವುದೆಂದು ಹೆದರಿದ ದರ್ಜಿಗಳು ಮರುವರ್ಷ ನುಗ್ಗಿ ಅವನ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕದಲ್ಲಿ ಇಲಿಯಾಸ್ ಹೋ ಎಂಬವನು ೧೮೪೬ರಲ್ಲಿಯೂ, ಐಸಾಕ್ ಸಿಂಗರ್ ಎಂಬವನು ೧೮೫೧ರಲ್ಲಿಯೂ ತಮ್ಮ ತಮ್ಮ ಯಂತ್ರಗಳಿಗೆ ಸನದುಗಳನ್ನು ಪಡೆದರು. ಸಿಂಗರನ ಪಾಲುದಾರರು ೧೮೫೬ರಲ್ಲಿ ಕಂತುಗಳಲ್ಲಿ ಹಣವನ್ನು ತೀರಿಸುವ ವ್ಯವಸ್ಥೆಯನ್ನು ಮಾಡಿದುದರಿಂದ ಸಾಧಾರಣ ಸಂಸಾರಗಳಿಗೂ ಯಂತ್ರವು ಎಟುಕಿತು. ಆ ಕಾಲದ ಯಂತ್ರವ್ಯಾಪಾರಿಗಳೇ ಮಾಡಿಸಿದ ಒಂದು ಗಣನೆಯ ಪ್ರಕಾರ, ಕೈಯಿಂದ ಹೊಲಿದರೆ ೧೪ ಗಂಟೆ ೨೬ ನಿಮಿಷಗಳನ್ನು ನುಂಗುತ್ತಿದ್ದ ಗಂಡಸರ ಒಂದು ಅಂಗಿಯು ಯಂತ್ರದಿಂದ ೧ ಗಂಟೆ ೧೬ ನಿಮಿಷಗಳಲ್ಲಿ ಮುಗಿಯುತ್ತಿತ್ತು. ೬ ಗಂಟೆ ೩೭ ನಿಮಿಷಗಳ ಸಾದಾ ಹತ್ತಿಯ ಉಡುಪು ೫೭ ನಿಮಿಷಗಳಿಗೆ ಇಳಿಯಿತು. ವ್ಯಾಪಾರಿಗಳ ಲೆಕ್ಕವೆಂದು ಸ್ವಲ್ಪವನ್ನು ಕಳೆದರೂ ವ್ಯತ್ಯಾಸವು ದೊಡ್ಡದೇ. ಆದರೆ ಯಂತ್ರವು ವೇಗವನ್ನು ಕೊಟ್ಟುದು ಸೂಜಿಗೆ. ಕತ್ತರಿಯನ್ನು ಹಿಡಿದು ಅಂಜುತ್ತಿದ್ದವಳು ಯಂತ್ರದ ಮುಂದೆಯೂ ಅಂಜುತ್ತಲೇ ಕುಳಿತಿದ್ದಳು.

ಈ ಅಂಜಿಕೆಯನ್ನು ನೀಗಿಸಿದವನು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಸಣ್ಣ ಊರಿನ ದರ್ಜಿಯಾದ ಎಬೆನೀಜರ್ ಬಟರಿಕ್. ಅವನ ಹೆಂಡತಿ ಎಲೆನ್ ಎಂಬಾಕೆಯು ತಮ್ಮ ಮಗುವಿಗೆ ಒಂದು ಅಂಗಿಯನ್ನು ಹೊಲಿಯಲು ಬಟ್ಟೆಯನ್ನು ಮೇಜಿನ ಮೇಲೆ ಹರಡಿಕೊಂಡು, ಮಗುವಿನ ಅಳತೆಗೆ ಸರಿಯಾದ ಮಾದರಿಯೊಂದು ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತೆಂದು ಗಂಡನೊಡನೆ ಹೇಳಿದಳೆಂದೂ, ಅಂದಿನಿಂದ ಅವನು ಕಾಗದದಲ್ಲಿ ಅಂಥ ಮಾದರಿಗಳನ್ನು ಕತ್ತರಿಸಲು ತೊಡಗಿದನೆಂದೂ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದೇ ಗಣಿಸುವುದು ಉಚಿತ. ನಿಶ್ಚಿತವಾದ ಸಂಗತಿಯೆಂದರೆ, ೧೮೬೩ರಲ್ಲಿ ಅವನು ಗಂಡಸರ ಮತ್ತು ಹುಡುಗರ ಉಡುಪುಗಳಿಗೆ ಬೇರೆ ಬೇರೆ ಅಳತೆಗಳ ಕಾಗದದ ಮಾದರಿಗಳನ್ನು ಮಾರತೊಡಗಿದನು. ಇಟಲಿಯ ವೀರನಾದ ಗ್ಯಾರಿಬಾಲ್ಡಿಯ ಉಡುಪನ್ನು ಹೋಲುವ ಹುಡುಗರ ದಿರಿಸು ವಿಶೇಷವಾಗಿ ಜನಪ್ರಿಯವಾಯಿತು. ಸ್ತ್ರೀಯರ ಉಡುಪುಗಳ ಮಾದರಿಗಳು ಹೊರಟುದು ಅನಂತರ, ೧೮೬೬ರಲ್ಲಿ. ಇಲ್ಲಿಯೂ ಮಕ್ಕಳ ಅಂಗಿಯೇ ಮುಂದೆ, ದೊಡ್ಡ ಹೆಂಗಸರ ಉಡುಪು ಹಿಂದೆ.

ಕಾಗದದ ಮಾದರಿಯು ಬಟರಿಕನ ಸ್ವಂತ ಕಲ್ಪನೆಯೆಂದು ಹೇಳಲಾಗದು. ಎಲೆನ್ ಡೆಮರೆಸ್ಟ್ ಎಂಬಾಕೆಯು ತನ್ನ ಪತಿಯೊಡನೆ ೧೮೬೦ರಲ್ಲಿಯೇ ಪತ್ರಿಕೆಯೊಂದರ ಜೊತೆಗೆ ಇಂಥ ಮಾದರಿಗಳನ್ನು ಹಂಚುತ್ತಿದ್ದಳು. ಬಟರಿಕನ ವಿಶೇಷವು ಅಳತೆಗಳ ಶ್ರೇಣಿಯಲ್ಲಿ ಇದೆ. ಅದಕ್ಕೆ ಮುಂಚಿನ ಮಾದರಿಗಳು ಸಾಮಾನ್ಯವಾಗಿ ಒಂದೇ ಅಳತೆಯವಾಗಿದ್ದು, ಅದನ್ನು ತನ್ನ ಮಗುವಿಗೆ ಹೊಂದಿಸಿಕೊಳ್ಳುವ ಕಷ್ಟವು ಕೊಂಡವಳಿಗೇ ಉಳಿಯುತ್ತಿತ್ತು. ದೊಡ್ಡ ಅಂಗಿಯನ್ನು ಎಲ್ಲ ಕಡೆಯೂ ಸಮನಾಗಿ ಕುಗ್ಗಿಸಿದರೆ ಚಿಕ್ಕ ಅಂಗಿಯಾಗುವುದೆಂದು ಹೊಸಬರು ಎಣಿಸುವುದುಂಟು. ಅದು ದೊಡ್ಡ ಭ್ರಮೆ. ಹುಟ್ಟಿದ ಕೂಸಿನ ತಲೆಯು ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ಎರಡು ವರ್ಷದ ಮಗುವಿನಲ್ಲಿ ಅದು ಸುಮಾರು ಐದನೆಯ ಒಂದು ಭಾಗ. ಬೆಳೆದವರಲ್ಲಿ ಏಳನೆಯ ಅಥವಾ ಎಂಟನೆಯ ಒಂದು ಭಾಗ. ಆದುದರಿಂದ ದೊಡ್ಡವರ ಅಂಗಿಯನ್ನು ಕುಗ್ಗಿಸಿ ಮಾಡಿದ ಕೊರಳಿನಲ್ಲಿ ಮಗುವಿನ ತಲೆಯು ತೂರುವುದಿಲ್ಲ. ಮಗುವಿಗೆ ನಡುವೆಂಬುದು ಇಲ್ಲದಿರುವುದರಿಂದ ಅದರ ಅಂಗಿಯು ಹೆಗಲಿನಿಂದಲೇ ತೂಗಬೇಕು. ಬಟ್ಟೆಯು ಎಲ್ಲಿ ಎಷ್ಟು ಹಿಗ್ಗಬೇಕು, ಎಲ್ಲಿ ಹಿಗ್ಗಬಾರದು ಎಂಬ ಈ ಲೆಕ್ಕವನ್ನು ದರ್ಜಿಯು ಹತ್ತಾರು ವರ್ಷಗಳ ಅಭ್ಯಾಸದಿಂದ ಬಲ್ಲನು. ಆ ಅಭ್ಯಾಸವನ್ನೇ ಮಡಿಸಿದ ಕಾಗದದಲ್ಲಿ ಇಟ್ಟು, ಕೆಲವು ಸೆಂಟುಗಳ ಬೆಲೆಗೆ ಅಂಚೆಯಲ್ಲಿ ಕಳುಹಿಸಿದುದೇ ಬಟರಿಕನ ಸಾಧನೆ.

ಆ ಕಾಗದಗಳು ಬಹುಕಾಲ ಅಕ್ಷರವಿಲ್ಲದವಾಗಿದ್ದುವು. ತೆಳ್ಳಗಿನ ಕಾಗದದ ತುಂಡುಗಳಲ್ಲಿ ಸಣ್ಣ ರಂಧ್ರಗಳನ್ನೂ ಅಂಚಿನಲ್ಲಿ ಕಚ್ಚುಗಳನ್ನೂ ಮಾಡಿ, ಯಾವುದನ್ನು ಯಾವುದಕ್ಕೆ ಕೂಡಿಸಬೇಕೆಂಬುದನ್ನು ಅವುಗಳಿಂದಲೇ ಸೂಚಿಸುತ್ತಿದ್ದರು. ಗೆರೆಗಳನ್ನೂ ಅಕ್ಷರಗಳನ್ನೂ ಅಚ್ಚುಹಾಕಿದ ಮಾದರಿಗಳು ಬಂದುದು ೧೯೨೦ರ ಸುಮಾರಿಗೆ. ಒಂದೊಂದು ಹಂತವನ್ನೂ ಚಿತ್ರದಿಂದ ತೋರಿಸುವ ವಿವರಣಪತ್ರಗಳನ್ನು ಲಕೋಟೆಯೊಳಗೆ ಇಡತೊಡಗಿದುದೂ ಅದೇ ಕಾಲದ ಆಸುಪಾಸಿನಲ್ಲಿಯೇ. ಗುರುವು ಎದುರಿಗಿಲ್ಲದೆ ವಿದ್ಯೆಯನ್ನು ಕಲಿಯುವುದಕ್ಕೆ ಬೇಕಾದ ಸಾಧನಗಳು ಹೀಗೆ ಪೂರ್ಣವಾದುವು.

ಈ ವಿದ್ಯೆಯ ಬೆಲೆಯು ಕಷ್ಟಕಾಲದಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ೧೯೨೯ರ ತರುವಾಯ ಬಂದ ಆರ್ಥಿಕ ವಿಪತ್ತಿನಲ್ಲಿ ಹಳ್ಳಿಗಾಡಿನ ತಾಯಂದಿರು ಹಿಟ್ಟನ್ನೂ ಕೋಳಿಯ ಆಹಾರವನ್ನೂ ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳನ್ನು ಬಿಚ್ಚಿ ಮಕ್ಕಳಿಗೆ ಅಂಗಿಗಳನ್ನು ಹೊಲಿದರು. ೧೦೦ ಪೌಂಡಿನ ಒಂದು ಚೀಲದಲ್ಲಿ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆಯು ದೊರೆಯುತ್ತಿತ್ತು. ಮಗುವಿನ ಅಂಗಿಗೆ ಅಷ್ಟು ಸಾಕು. ಇದನ್ನು ಕಂಡ ವ್ಯಾಪಾರಿಗಳು ಚೀಲಗಳ ಮೇಲೆ ಹೂಬಳ್ಳಿಗಳನ್ನು ಅಚ್ಚುಹಾಕಿಸಿ, ತಮ್ಮ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಮುದ್ರಿಸತೊಡಗಿದರು. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಿಮಿತ್ತವಾಗಿ ೧೯೪೧ರ ಜೂನ್ ೧ರಿಂದ ಬಟ್ಟೆಗೂ ಪಡಿತರವನ್ನು ವಿಧಿಸಿ, ಒಬ್ಬೊಬ್ಬರಿಗೆ ವರ್ಷಕ್ಕೆ ೬೬ ಚೀಟಿಗಳನ್ನು ಗೊತ್ತುಮಾಡಿದರು. ದೊಡ್ಡವರ ಹಳೆಯ ಬಟ್ಟೆಗಳನ್ನು ಬಿಚ್ಚಿ ಮಕ್ಕಳ ಉಡುಪುಗಳನ್ನು ಮಾಡುವ ಕ್ರಮವನ್ನು ಸರ್ಕಾರವೇ ೧೯೪೩ರಲ್ಲಿ ಪುಸ್ತಕವಾಗಿ ಅಚ್ಚುಹಾಕಿಸಿ ಹಂಚಿತು. ೧೯೪೯ರ ವರೆಗೆ ನಡೆದ ಆ ಪಡಿತರದ ಕಾಲದಲ್ಲಿ ಸೂಜಿಯನ್ನು ಎಂದೂ ಹಿಡಿಯದಿದ್ದ ಅನೇಕರು ಮೊದಲು ಹೊಲಿದುದು ಮಗುವಿನ ಬಟ್ಟೆಯನ್ನೇ.

ಭಾರತಕ್ಕೆ ಹೊಲಿಗೆಯ ಯಂತ್ರವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಬಂದಿತು. ಅದು ಮೊದಲು ಸೇರಿದುದು ಬೀದಿಯ ಜಗಲಿಯ ಮೇಲಿನ ದರ್ಜಿಯ ಕೈಯನ್ನು. ಯಂತ್ರನಾಗರಿಕತೆಯ ವಿಷಯದಲ್ಲಿ ಕಠಿಣವಾದ ಅಭಿಪ್ರಾಯವುಳ್ಳ ಮಹಾತ್ಮಾ ಗಾಂಧಿಯವರು ೧೯೨೪ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಹೊಲಿಗೆಯ ಯಂತ್ರಕ್ಕೆ ವಿನಾಯಿತಿಯನ್ನು ಕೊಟ್ಟರು. ಹೆಂಡತಿಯು ಬಟ್ಟೆಯನ್ನು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರನು ಅದನ್ನು ಕಲ್ಪಿಸಿದನೆಂಬ ಕಥೆಯನ್ನು ಅವರು ಉದಾಹರಿಸಿದರು. ಲಾಭವನ್ನೇ ಕಣ್ಣಿಟ್ಟು ನಡೆದ ಸಿಂಗರನ ಜೀವನಕ್ಕೆ ಆ ಕಥೆಯು ಅಷ್ಟಾಗಿ ಹೊಂದುವುದಿಲ್ಲವಾದರೂ, ಮನುಷ್ಯನ ಶ್ರಮವನ್ನು ಹಗುರಮಾಡುವ, ಅವನ ಕೈಯ ವಿದ್ಯೆಯನ್ನು ಕಿತ್ತುಕೊಳ್ಳದ ಸಾಧನವು ಗ್ರಾಹ್ಯವೆಂಬ ಅವರ ನಿರ್ಣಯವು ವಿಚಾರಯೋಗ್ಯವಾದುದು. ೧೯೩೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರಗಳ ತಯಾರಿಕೆಯು ಆರಂಭವಾದ ಮೇಲೆ ಸ್ವದೇಶಿ ಯಂತ್ರವೂ ದೊರೆಯುವಂತಾಯಿತು. ಬಾಲಿಕಾ ಪಾಠಶಾಲೆಗಳಲ್ಲಿಯೂ ಮಹಿಳಾ ಸಮಾಜಗಳಲ್ಲಿಯೂ ಹೊಲಿಗೆಯು ಒಂದು ಪಾಠವಾಯಿತು. ಅಂಚೆಯಲ್ಲಿ ಬರುವ ಮಾದರಿಯ ಕಾಗದಗಳು ಮಾತ್ರ ಇಲ್ಲಿ ಅಷ್ಟಾಗಿ ಹರಡಲಿಲ್ಲ. ಅವುಗಳ ಸ್ಥಾನದಲ್ಲಿ ಹಳೆಯ ವೃತ್ತಪತ್ರಿಕೆಯೂ, ಅಳತೆಗೆಂದು ತೆಗೆದಿಟ್ಟ ಹಳೆಯ ಅಂಗಿಯೂ ನಿಂತುವು.

ವಾಸ್ತವವಾಗಿ ಹೊಸಬರಿಗೆ ಇವೆರಡೇ ಸಾಕು. ಮಗುವಿಗೆ ಸಡಿಲವಾಗಿ ಒಪ್ಪುವ ಅಂಗಿಯೊಂದನ್ನು ನಡುಮಧ್ಯದಲ್ಲಿ ಮಡಿಸಿ, ಮಡಿಸಿದ ಪತ್ರಿಕೆಯ ಅಂಚಿಗೆ ಸೇರಿಸಿಟ್ಟು ಸುತ್ತಲೂ ಗೆರೆಯನ್ನು ಎಳೆಯಬೇಕು. ಮುಂಭಾಗಕ್ಕೊಂದು, ಬೆನ್ನಿಗೊಂದು, ತೋಳಿಗೊಂದು. ಆ ಗೆರೆಯ ಹೊರಗೆ ಹೊಲಿಗೆಗೆಂದು ಅರ್ಧ ಅಂಗುಲವನ್ನೂ, ಕೆಳಗಿನ ಮಡಿಕೆಗೆ ಎರಡು ಮೂರು ಅಂಗುಲಗಳನ್ನೂ ಬಿಡಬೇಕು. ಮುಂಭಾಗದ ಕೊರಳು ಬೆನ್ನಿನ ಕೊರಳಿಗಿಂತ ಆಳವಾಗಿರಬೇಕು. ಬೆನ್ನಿನಲ್ಲಿ ಸೀಳನ್ನು ಬಿಟ್ಟು ಗುಂಡಿಯನ್ನಿಟ್ಟರೆ ತಲೆಯು ಸುಲಭವಾಗಿ ತೂರುವುದು. ಬಟ್ಟೆಯನ್ನು ಮೊದಲು ನೀರಿನಲ್ಲಿ ಅದ್ದಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಅಂಗಿಯು ಕುಗ್ಗುವುದು. ಕಾಗದವನ್ನು ಬಟ್ಟೆಯ ಮೇಲೆ ಇಡುವಾಗ ಹಾಸಿನ ಎಳೆಗಳು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಯುವಂತೆ ನೋಡಬೇಕು. ಎಳೆಯು ಓರೆಯಾದರೆ ಅಂಗಿಯು ಒಂದು ಪಕ್ಕಕ್ಕೆ ಜಗ್ಗುವುದು. ಕತ್ತರಿಸಿದ ತುಂಡುಗಳನ್ನು ಮೊದಲು ಉದ್ದುದ್ದನೆಯ ಕಚ್ಚಾ ಹೊಲಿಗೆಯಿಂದ ಕೂಡಿಸಿ, ಮಗುವಿಗೆ ಒಮ್ಮೆ ತೊಡಿಸಿ ನೋಡಿ, ಆಮೇಲೆ ಗಟ್ಟಿಯಾಗಿ ಹೊಲಿಯಬೇಕು. ಅಭ್ಯಾಸಕ್ಕೆ ಶಿಶುವಿನ ಅಂಗಿಯು ತಕ್ಕುದೆನ್ನುವುದಕ್ಕೆ ಕಾರಣಗಳು ಮೂರು: ಬಟ್ಟೆಯು ಕಡಮೆ ಹಿಡಿಯುವುದು, ಬಿಗಿಯಾದ ಕಟ್ಟುನಿಟ್ಟಿನ ಅಳತೆಯು ಬೇಡ, ತೊಡುವವರು ಹೊಲಿಗೆಯ ಸೊಟ್ಟವನ್ನು ಎತ್ತಿ ಆಡುವವರಲ್ಲ.

ಈ ಕಾಲದಲ್ಲಿ ಸಿದ್ಧ ಉಡುಪುಗಳು ಎಲ್ಲೆಲ್ಲಿಯೂ ದೊರೆಯುತ್ತಿರುವಾಗ ಇಷ್ಟೆಲ್ಲ ಏಕೆಂದು ಕೇಳಬಹುದು. ಆ ಸಿದ್ಧ ಉಡುಪುಗಳು ಆಗುವ ಬಗೆಯನ್ನು ನೋಡಿದರೆ ಉತ್ತರವು ದೊರೆಯುವುದು. ಬೆಂಗಳೂರಿನಲ್ಲಿಯೂ ಅದರ ಸುತ್ತಣ ಜಿಲ್ಲೆಗಳಲ್ಲಿಯೂ ಲಕ್ಷಾಂತರ ಹೆಣ್ಣುಮಕ್ಕಳು ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವರು. ಸಾಲಾಗಿ ಇಟ್ಟ ಯಂತ್ರಗಳ ಮುಂದೆ ಒಬ್ಬಳು ದಿನವೆಲ್ಲ ಕೊರಳಪಟ್ಟಿಯನ್ನು ಮಾತ್ರ ಹೊಲಿಯುವಳು. ಮತ್ತೊಬ್ಬಳು ತೋಳನ್ನು ಮಾತ್ರ ಕೂಡಿಸುವಳು. ಇನ್ನೊಬ್ಬಳು ಕಾಜಗಳನ್ನು ಮಾತ್ರ ಹಾಕುವಳು. ಬಟ್ಟೆಯನ್ನು ಕತ್ತರಿಸುವ ಕೆಲಸವು ಬೇರೆಯೇ ಒಂದು ವಿಭಾಗದಲ್ಲಿ, ಹೆಚ್ಚಾಗಿ ಗಂಡಸರ ಕೈಯಲ್ಲಿ, ಗಣಕಯಂತ್ರವು ಹಾಕಿಕೊಟ್ಟ ಗೆರೆಗಳ ಮೇಲೆ ನಡೆಯುತ್ತದೆ. ವರ್ಷಕ್ಕೆ ಸಾವಿರಾರು ಅಂಗಿಗಳನ್ನು ದಾಟಿಸುವ ಕೈಗೆ ಒಂದು ಇಡೀ ಅಂಗಿಯನ್ನು ಮಾಡುವ ಅವಕಾಶವಿಲ್ಲ. ೧೬೭೫ಕ್ಕೆ ಮುಂಚೆ ಪ್ಯಾರಿಸಿನಲ್ಲಿ ಕತ್ತರಿಗೂ ಸೂಜಿಗೂ ನಡುವೆ ಇದ್ದ ಗೋಡೆಯು ಬೇರೊಂದು ರೂಪದಿಂದ ಮತ್ತೆ ಎದ್ದಿದೆ. ಢಾಕಾ ನಗರದ ಬಳಿಯ ಸಾವರ್ ಎಂಬಲ್ಲಿ ೨೦೧೩ರ ಏಪ್ರಿಲ್ ೨೪ರಂದು ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು, ಅದರೊಳಗಿನ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದ ೧,೧೦೦ಕ್ಕಿಂತ ಹೆಚ್ಚು ಮಂದಿ ಪ್ರಾಣವನ್ನು ನೀಗಿದರು. ಅಲ್ಲಿ ಸಿದ್ಧವಾಗುತ್ತಿದ್ದುವುಗಳಲ್ಲಿ ಮಕ್ಕಳ ಉಡುಪುಗಳೂ ಇದ್ದುವು. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಸಣ್ಣ ಅಂಗಿಯ ನಿಜವಾದ ಬೆಲೆಯನ್ನು ಯಾರೋ ಎಲ್ಲಿಯೋ ತೆತ್ತಿರುವರೆಂಬುದನ್ನು ಕೊಳ್ಳುವವರು ಮರೆಯಬಾರದು.

ಎಲ್ಲರೂ ಎಲ್ಲ ಬಟ್ಟೆಗಳನ್ನೂ ಮನೆಯಲ್ಲಿಯೇ ಹೊಲಿದುಕೊಳ್ಳಬೇಕೆಂದು ಹೇಳುವುದು ವ್ಯವಹಾರಕ್ಕೆ ಒಗ್ಗದ ಮಾತು. ಕಾರ್ಖಾನೆಯ ಹೆಣ್ಣುಮಕ್ಕಳ ಅನ್ನವೂ ಆ ಸಿದ್ಧ ಉಡುಪುಗಳಲ್ಲಿಯೇ ಇದೆ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ, ಹೆಣ್ಣಾಗಲಿ ಗಂಡಾಗಲಿ, ಒಂದು ಅಂಗಿಯನ್ನು ಮೊದಲಿನಿಂದ ಕೊನೆಯ ವರೆಗೆ ಮಾಡಿ ನೋಡುವುದು ಶ್ರೇಯಸ್ಕರ. ಹಾಗೆ ಮಾಡಿದವರಿಗೆ ಬಟ್ಟೆಯ ಹಾಸುಹೊಕ್ಕುಗಳ ಪರಿಚಯವಾಗುವುದು. ಹೊಲಿಯುವವರ ಕೂಲಿಯು ನ್ಯಾಯವೋ ಅನ್ಯಾಯವೋ ಎಂಬುದು ಬೇರೆಯವರು ಹೇಳದೆಯೇ ತಿಳಿಯುವುದು. ಮೊದಲ ಅಂಗಿಯ ಕೊರಳು ಸೊಟ್ಟಗಾಗಬಹುದು. ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡವಾಗಬಹುದು. ಆರು ತಿಂಗಳಲ್ಲಿ ಅದು ಮಗುವಿಗೆ ಸಾಲದೆ ಹೋಗುವುದೂ ನಿಶ್ಚಯ. ಅದನ್ನು ಕತ್ತರಿಸಿದ ಪತ್ರಿಕೆಯ ಕಾಗದವನ್ನು ಮಾತ್ರ ಮಡಿಸಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಉದ್ದಕ್ಕೆ ಇಷ್ಟು, ತೋಳಿಗೆ ಇಷ್ಟು ಎಂದು ಹೆಚ್ಚಿಸಿಕೊಂಡರೆ ಮುಂದಿನ ವರ್ಷದ ಅಂಗಿಗೂ ಅದೇ ಆಧಾರವಾಗುವುದು. ನೆರೆಮನೆಯವರು ಕೇಳಿದರೆ ಅವರ ಮಗುವಿಗೂ ಒದಗುವುದು.